ಹೊನ್ನೆ ಸಸಿಗೆ ಬೀಟೆಯ ಚೀಟಿ

ಸಸಿ ನರ್ಸರಿಯ ಮೇಷ್ಟ್ರಿಗೆ ನಮಸ್ಕಾರ.

ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಕ್ಷಮಿಸಿ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಲೆ ಮುಟ್ಟಿ ಕಾಡುಮರ ಗುರುತಿಸುವುದನ್ನು ನೀವು ಎರಡು ವರ್ಷ ನನಗೊಬ್ಬಳಿಗೇ ಕಲಿಸಿದಿರಿ. ಕೆಲಸಕ್ಕೆ ಹೊಸ ಹುಡುಗಿ ಬಂದ ಮೇಲೆ ಭಾನುವಾರ ಮರ ನೋಡಲು ಅವಳನ್ನೇ ಕರೆದೊಯ್ಯುತ್ತೀರಿ. ನನಗೆ ನೀರಿನ ಪೈಪು ಉಳಿಯಿತು. ಹೊಟ್ಟೆ ಉರಿಯಿತು.

ಮೊನ್ನೆ ಅವಳು, "ಅಕ್ಕಾ, ಇದ್ಯಾವ ಸಸಿ?" ಎಂದು ಕೇಳಿದಳು. ಹೊನ್ನೆ ಎಂದು ಗೊತ್ತಿದ್ದೂ ಬೀಟೆ ಎಂದೆ. ಅವಳು ಇಡೀ ಸಾಲಿಗೆ ಬೀಟೆಯ ಚೀಟಿ ಕಟ್ಟಿದಳು. ನೀವು ಎಲ್ಲರೆದುರು, "ಕಣ್ಣು ಮನೇಲಿಟ್ಟು ಬಂದ್ಯೇನಮ್ಮಾ? ನಾಳೆಯಿಂದ ಬರ್ಬೇಡ" ಎಂದಿರಿ. ಅವಳು ನನ್ನ ಹೆಸರು ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ತಪ್ಪು ನನ್ನದು. ಅವಳನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ಭಾನುವಾರ ನನ್ನನ್ನೂ ಕರೆದೊಯ್ಯಿರಿ; ಸುಮ್ಮನೆ ಹಿಂದೆ ಹಿಂದೆ ಬರುತ್ತೇನೆ.

ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋಗಿ, ಎರಡೂ ಎಲೆಗಳನ್ನು ಅವಳ ಅಂಗೈಯಲ್ಲಿಟ್ಟು, ದುಂಡಗಿರುವುದು ಬೀಟೆ, ಉದ್ದಗಿರುವುದು ಹೊನ್ನೆ ಎಂದು ತೋರಿಸಿದೆ. ಆಮೇಲೆ ಅವಳು ಕಣ್ಣು ಮುಚ್ಚಿ, ಬೆರಳಿನಿಂದಲೇ, ಮೊದಲ ಸಲಕ್ಕೇ ಸರಿಯಾಗಿ ಹೇಳಿಬಿಟ್ಟಳು. ನನಗೆ ಅದಕ್ಕೆ ಒಂದು ವಾರ ಹಿಡಿದಿತ್ತು.

ಇಂತಿ,
ಸಸಿಗಳಿಗೆ ನೀರು ಹಾಕುವವಳು