ಐದನೇ ಹೆಜ್ಜೆ

ಟೀಚರ್ ಅವರಿಗೆ ನಮಸ್ಕಾರ.

"ಪುಟ್ಟಿ ಆಟಕ್ಕೆ ಬಿಟ್ರೆ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತುಬಿಡ್ತಾಳೆ, ಕಾಲು ನೋವಾ?" ಎಂದು ನಿನ್ನೆ ಕೇಳಿದಿರಿ. ನಾನು ಹೂಂ ಎಂದೆ. ಅದು ಸುಳ್ಳು.

ಅವಳ ಅಣ್ಣ ಚೆಂಡಿನ ಹಿಂದೆ ರಸ್ತೆಗೆ ಓಡಿದವನು ಮನೆಗೆ ಬರಲಿಲ್ಲ. ಆಗ ನಾನು ಹೊಲಿಗೆಯಿಂದ ತಲೆ ಎತ್ತಿರಲಿಲ್ಲ. ಆಮೇಲೆ ಇವಳ ಸೊಂಟಕ್ಕೆ ಬಟ್ಟೆಯ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಮಿಷನ್ನಿನ ಕಾಲಿಗೆ ಬಿಗಿಯುತ್ತಿದ್ದೆ. ಪಟ್ಟಿಯ ಉದ್ದ ನಾಲ್ಕು ಹೆಜ್ಜೆ. ಬಿಚ್ಚಿದರೂ ಅವಳು ಅಷ್ಟಕ್ಕೇ ನಿಲ್ಲುತ್ತಾಳೆ.

ಇವತ್ತು ಅದನ್ನು ಕತ್ತರಿಸಿದೆ. ಆಗಿನಿಂದ ಒಂದು ಹೊಲಿಗೆಯೂ ನೆಟ್ಟಗೆ ಬೀಳುತ್ತಿಲ್ಲ.

ದಯವಿಟ್ಟು ಅವಳ ಕೈ ಹಿಡಿದು ಐದನೇ ಹೆಜ್ಜೆ ಇಡಿಸಿ. ಮಂಡಿ ತರಚಿದರೆ ತರಚಲಿ, ನನಗೆ ಫೋನ್ ಮಾಡಬೇಡಿ.

ಗೇಟಿನ ಚಿಲಕ ಮಾತ್ರ ಎರಡು ಸಲ ನೋಡಿ.

ಇಂತಿ,
ಪುಟ್ಟಿಯ ಅಮ್ಮ