ಲಾರಿಯ ಹಿಂದೆ, ಎಂಬತ್ತರಲ್ಲಿ

ಜೂನ್ 9, ಮಂಗಳವಾರ. ಬೆಳಿಗ್ಗೆ 8.20

ಟ್ಯಾಂಕ್ ತುಂಬಿತು. 58.3 ಲೀಟರ್. ಹಿಂದಿನ ಸಲ ತುಂಬಿಸಿದ ಮೇಲೆ ಓಡಿದ್ದು 614 ಕಿಲೋಮೀಟರ್. ನೂರಕ್ಕೆ ಒಂಬತ್ತೂವರೆ ಲೀಟರ್. ಪಂಪಿನ ಅಂಕಿ ನಾನೇ ಓದಿ ಹೇಳಿದೆ, ಪುಸ್ತಕದಲ್ಲೂ ನಾನೇ ಬರೆದೆ. ಚಳಿಗಾಲದಿಂದ ಈ ಡೀಸೆಲ್ ಪುಸ್ತಕ ನನ್ನ ಕೊರಳಿಗೆ ಬಿದ್ದಿದೆ. ನನ್ನ ಗಂಡ ಸಿಕ್ಸ್ಟನ್‌ಗೆ ಕೈ ನಡುಗುತ್ತದಂತೆ. ಕಾಫಿ ಲೋಟ ಹಿಡಿದಾಗ ನಡುಗಿದ್ದನ್ನು ನಾನಂತೂ ಕಂಡಿಲ್ಲ.

‘ಒಂಬತ್ತೂವರೆ!’ ಅಂದ. ಲಾಟರಿ ಹೊಡೆದವನ ಮುಖ. ‘ನೋಡ್ದ್ಯಾ ಗುನ್ನೆಲ್? ಎಂಬತ್ತರಲ್ಲಿ ಹೋದ್ರೆ ಹೀಗೆ.’

ನೋಡಿದೆ. ಶುಕ್ರವಾರ ಸಂಜೆಯೊಳಗೆ ಮಗಳು ಹೆಡ್ವಿಗ್ ಇರುವ ಉಮೆಯೋದಲ್ಲಿರಬೇಕು ಎನ್ನುವುದನ್ನೂ ನೋಡುತ್ತಿದ್ದೇನೆ. ಒಂಬೈನೂರು ಕಿಲೋಮೀಟರ್. ಶನಿವಾರ ಬೆಳಿಗ್ಗೆ ಏಳಕ್ಕೆ ಹೆಡ್ವಿಗ್‌ಗೆ ಆಸ್ಪತ್ರೆಯಲ್ಲಿ ಬೇಸಿಗೆ ಡ್ಯೂಟಿ ಶುರು. ಅಷ್ಟರೊಳಗೆ ಆಲ್ವಾಳನ್ನು ನಾವು ಕರೆದುಕೊಂಡಿರಬೇಕು. ಎರಡು ವಾರ ಮೊಮ್ಮಗಳು ನಮ್ಮ ಜೊತೆ, ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಈ ಮನೆಗಾಡಿಯಲ್ಲಿ. ನಾರ್ವೆಯ ಕಡಲವರೆಗೆ, ಮುಳುಗದ ಸೂರ್ಯನವರೆಗೆ. ಆರು ವರ್ಷದ್ದು, ಈಗಲೇ ಚೀಲ ತುಂಬಿ ಗೇಟಿನ ಬಳಿ ಇಟ್ಟಿದೆಯಂತೆ. ಕಳೆದ ವರ್ಷ ನಮ್ಮ ಬಿಳಿ ಗಾಡಿ ಕಂಡದ್ದೇ ಗೇಟು ದಾಟಿ ರಸ್ತೆಗೇ ಓಡಿ ಬಂದಿದ್ದಳು. ಒಂದು ಮೊಳದ ಅಂತರದಲ್ಲಿ ನಿಂತಿತ್ತು ಗಾಡಿ. ಎಲ್ಲರೂ ನಕ್ಕಿದ್ದೆವು.

ಅದೇ ದಿನ, 14.30

ಎಂಬತ್ತು. ಎಂಬತ್ತು. ಎಂಬತ್ತು. ಬಸ್ಸು ಹಿಂದೆ ಹಾಕಿತು. ದೋಣಿ ಎಳೆದುಕೊಂಡು ಹೋಗುವವನೂ ಹಿಂದೆ ಹಾಕಿದ.

‘ಮಿತಿ ನೂರಾ ಹತ್ತಿದೆ. ನೂರಕ್ಕಾದ್ರೂ ಏರಿಸು ಮಾರಾಯ.’

‘ನೂರಕ್ಕೆ ಏರಿಸಿದ್ರೆ ಎರಡೂವರೆ ಲೀಟರ್ ಜಾಸ್ತಿ ಕುಡಿಯುತ್ತೆ ಕಣೇ. ಗೋಡೆ ತಳ್ಕೊಂಡು ಹೋಗ್ತಿದೀವಿ ನಾವು. ಗಾಳಿ ಸುಮ್ನೆ ದಾರಿ ಬಿಡುತ್ತಾ?’

‘ಬಿಡದಿದ್ರೆ ಬೈದು ನೋಡು. ಮಗು ಕಾಯ್ತಿದೆ.’

ಡ್ರೈವಿಂಗ್ ಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರು. ನಮ್ಮೂರಿನ ಅರ್ಧ ಜನಕ್ಕೆ ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ತೋರಿಸಿದವನು. ಇಂಧನ ಉಳಿಸಿ ಓಡಿಸುವುದೂ ಪರೀಕ್ಷೆಗಿರುವ ಪಾಠವೇ. ನಿವೃತ್ತನಾದ ಮೇಲೆ ಆ ಪಾಠ ಕೇಳಲು ಉಳಿದವಳು ನಾನೊಬ್ಬಳೇ. ನಾನೋ, ರೈಲಿನಲ್ಲಿ ಟಿಕೆಟ್ ನೋಡುತ್ತಾ ಇಪ್ಪತ್ತೊಂಬತ್ತು ವರ್ಷ ಕಳೆದವಳು. ಎರಡು ನಿಮಿಷ ತಡವಾದರೂ ಮೈಕಿನಲ್ಲಿ ಕ್ಷಮೆ ಕೇಳಿದವಳು. ಇಲ್ಲಿ ಕ್ಷಮೆ ಕೇಳುವವರೇ ಇಲ್ಲ.

ಒಂದು ತಮಾಷೆ. ಎದುರಿಂದ ಮನೆಗಾಡಿ ಬಂದರೆ ಕೈ ಬೀಸಬೇಕು — ಮನೆಗಾಡಿಯವರ ರೂಢಿ. ಇವತ್ತು ಸಿಕ್ಸ್ಟನ್ ಬ್ರೆಡ್ ವ್ಯಾನಿಗೆ ಕೈ ಬೀಸಿದ! ಅದನ್ನು ಓಡಿಸುತ್ತಿದ್ದ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನೂ ನಕ್ಕ, ಸ್ವಲ್ಪ ತಡವಾಗಿ.

ಜೂನ್ 10, ಬುಧವಾರ. ಸಂಜೆ 5

ನೂರಾ ತೊಂಬತ್ತು ಕಿಲೋಮೀಟರ್. ಇಡೀ ದಿನಕ್ಕೆ! ಮೂರು ಗಂಟೆಗೇ ನಿಲ್ಲಿಸಿದ, ಸಾಕಾಯಿತಂತೆ.

ಬೆಳಿಗ್ಗೆಯಿಂದ ಒಂದು ಹಸಿರು ಲಾರಿಯ ಬೆನ್ನು ಬಿಡಲಿಲ್ಲ. ಅಷ್ಟು ಹತ್ತಿರ! ಮರದ ದಿಮ್ಮಿಗಳ ತೊಗಟೆ ಎಣಿಸಬಹುದಿತ್ತು. ನನ್ನ ಬಲಗಾಲು ತಾನಾಗಿ ಚಾಪೆಯನ್ನು ಒತ್ತುತ್ತಿತ್ತು. ಸ್ಕೂಲಿನ ಕಾರಿನಲ್ಲಾದರೆ ಮೇಷ್ಟ್ರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಇದರಲ್ಲಿ ಎಲ್ಲಿಂದ ಬರಬೇಕು.

‘ಮೂರು ಸೆಕೆಂಡ್ ಅಂತರ ಬಿಡು ಅಂತ ಊರಿಗೆಲ್ಲ ಹೇಳ್ಕೊಟ್ಟೋನು ನೀನೇ ಅಲ್ವಾ?’

‘ಲಾರಿ ಗಾಳಿ ಸೀಳುತ್ತೆ. ಅದರ ಹಿಂದೆ ಹೋದ್ರೆ ಡೀಸೆಲ್ ಉಳಿಯುತ್ತೆ.’

‘ಡೀಸೆಲ್ ಉಳಿಯುತ್ತೆ, ನಾವು ಉಳೀತೀವಾ?’

ಮುಖ ಊದಿಸಿಕೊಂಡ. ಲಾರಿ ಯೆವ್ಲೆ ಊರಿನೊಳಕ್ಕೆ ತಿರುಗಿತು. ನಾವೂ ತಿರುಗಿದೆವು! ನಾವು ನೇರ ಹೋಗಬೇಕಾಗಿತ್ತು. ಬಂದರಿನ ಗೋದಾಮುಗಳ ನಡುವೆ ನಲವತ್ತು ನಿಮಿಷ. ಬೋರ್ಡು ಓದಿ ಹೇಳಲಿಲ್ಲವೆಂದು ನನ್ನ ಮೇಲೇ ರೇಗಿದ. ಮನೆಯಷ್ಟು ದೊಡ್ಡ ಬೋರ್ಡನ್ನು ನಾನು ಯಾಕೆ ಓದಿ ಹೇಳಬೇಕು?

ಕೂತಲ್ಲಿ ಕೂರಲಾಗುತ್ತಿಲ್ಲ. ಈ ಡಬ್ಬಿಯೊಳಗೆ ನಡೆಯಲು ಇರುವುದು ನಾಲ್ಕು ಹೆಜ್ಜೆ. ನಡೆದೆ. ಮತ್ತೆ ನಡೆದೆ.

ಜೂನ್ 11, ಗುರುವಾರ. ಮಧ್ಯಾಹ್ನ 4.15

ಸುಂಡ್ಸ್ವಾಲ್ ಊರೇ ಇನ್ನೂ ಬಂದಿಲ್ಲ, ಉಮೆಯೋ ಮತ್ತೂ ಮುಂದೆ. ಕಡಲ ಪಕ್ಕದ ಕ್ಯಾಂಪಿಂಗ್ ಜಾಗ. ಹೆಡ್ವಿಗ್ ಫೋನು.

‘ಎಲ್ಲಿದೀರಮ್ಮಾ?’

‘ಬಂದ್ವಿ, ಬಂದ್ವಿ.’

‘ಬಂದ್ವಿ ಅಂದ್ರೆ ಎಲ್ಲಿ? ನಾಳೆ ಬರದಿದ್ರೆ ಆಲ್ವಾನ ಯಾರ ಕೈಲಿ ಬಿಟ್ಟು ಹೋಗ್ಲಿ ನಾನು? ಅಪ್ಪನಿಗೆ ಹೇಳು, ಒಂದು ಸಲ ಆ ಡೀಸೆಲ್ ಮರೀಲಿ.’

ಹೇಳುತ್ತೇನೆ ಎಂದೆ. ಆದರೆ ಆಮೇಲೆ ಒಂದು ನಡೆಯಿತು. ಬರೆಯುತ್ತೇನೆ, ಬರೆದರೆ ಸರಿಯಾಗಿ ಯೋಚಿಸಲು ಬಂದೀತು.

ಪಕ್ಕದ ಮನೆಗಾಡಿಯವನು ಎವಾಲ್ಡ್ ಎಂಬಾತ, ಕೆಂಪು ಟೋಪಿಯ ಮುದುಕ. ಕಾಫಿಗೆ ಕರೆದೆ. ಬಂದವನೇ ಸಿಕ್ಸ್ಟನ್ ಮೇಲೆ ಬಿದ್ದ.

‘ಏನ್ರೀ, ದೊಡ್ಡ ಮನುಷ್ಯರು! ಮಧ್ಯಾಹ್ನ ಡೀಸೆಲ್ ಹಾಕಿಸೋಕೆ ವಾಪಸ್ ಹೋಗ್ತಿದ್ದೆ, ಎದುರಿಗೇ ಸಿಕ್ಕಿದ್ರಿ. ಎರಡು ಕೈನೂ ಬೀಸಿದೆ. ತಿರುಗಿಯೂ ನೋಡ್ಲಿಲ್ಲ. ಹಿಂದೆ ಬರ್ತಿದ್ದ ಲಾಂಡ್ರಿ ವ್ಯಾನಿಗೆ ಮಾತ್ರ ಸಲಾಮು!’

‘ಬಿಸಿಲು ಕಣ್ಣಿಗೆ ಹೊಡೀತಿತ್ತು’ ಅಂದ ಸಿಕ್ಸ್ಟನ್.

ಎವಾಲ್ಡ್ ನಕ್ಕು ಬಿಟ್ಟುಬಿಟ್ಟ. ನಾನು ನಗಲಿಲ್ಲ. ನಾವು ಬರುತ್ತಿದ್ದುದು ಉತ್ತರಕ್ಕೆ. ಬಿಸಿಲು ನಮ್ಮ ಬೆನ್ನಿಗಿತ್ತು.

ಎವಾಲ್ಡನ ಮನೆಗಾಡಿ ಕಂದು ಬಣ್ಣದ್ದು. ಬ್ರೆಡ್ ವ್ಯಾನು. ಲಾಂಡ್ರಿ ವ್ಯಾನು. ಬಿಳಿಯದಾಗಿ ದೊಡ್ಡದಾಗಿ ಬಂದದ್ದಕ್ಕೆಲ್ಲ ಕೈ ಬೀಸುತ್ತಿದ್ದಾನೆ. ಯಾವ ಮನೆಗಾಡಿಯೂ ಬಿಟ್ಟುಹೋಗಬಾರದೆಂದು.

ಅದೇ ದಿನ, 5.30

ಅವನು ನೀರು ತುಂಬಿಸಲು ಹೋದಾಗ ಹಳೆಯ ಡೀಸೆಲ್ ಪುಸ್ತಕಗಳನ್ನು ತೆಗೆದೆ. ಐದು ವರ್ಷದ ಹಿಂದಿನ ಅಂಕಿಗಳು ಇರುವೆ ಸಾಲಿನಷ್ಟು ಸಣ್ಣ, ಮೇಷ್ಟ್ರ ಅಕ್ಷರ. ಮರುವರ್ಷ ಸ್ವಲ್ಪ ದಪ್ಪ. ಆಮೇಲೆ ಗೆರೆ ಬಿಟ್ಟು ಏರಿವೆ. ಕಳೆದ ನವೆಂಬರಿನ ಕೊನೆಯ ಪುಟದಲ್ಲಿ ಒಂದೊಂದು ಅಂಕಿ ನನ್ನ ಹೆಬ್ಬೆರಳಿನಷ್ಟು. ಒಂದರ ಮೇಲೆ ಇನ್ನೊಂದು. ಏಳೋ ಒಂದೋ ತಿಳಿಯುವುದಿಲ್ಲ.

ಪುಸ್ತಕ ಜಾಗದಲ್ಲಿಟ್ಟೆ. ಆಲೂಗಡ್ಡೆ ಬೇಯಿಸಿದೆ, ಉಪ್ಪು ಮೀನು ಹಾಕಿಕೊಟ್ಟೆ. ಚೆನ್ನಾಗಿದೆ ಅಂದ. ಮೂರು ದಿನದಿಂದ ಬೇಗ ಹೋಗು, ಬೇಗ ಹೋಗು ಎಂದು ಪೀಡಿಸಿದವಳು ನಾನು. ನೂರಕ್ಕೆ ಏರಿಸು ಅಂದವಳು. ಯಾರಿಗೆ!

ಜೂನ್ 12, ಶುಕ್ರವಾರ. ಬೆಳಿಗ್ಗೆ 7.50

ಕೇಳಿದೆ. ಹಾಸಿಗೆ ಮಡಿಸುತ್ತಿದ್ದ.

‘ಎಷ್ಟು ದಿನದಿಂದ?’

‘ಏನು?’

‘ಸಿಕ್ಸ್ಟನ್. ಎಷ್ಟು ದಿನದಿಂದ ಕಾಣಿಸ್ತಿಲ್ಲ?’

ಹೊದಿಕೆಯನ್ನು ಮತ್ತೊಂದು ಸಲ ಮಡಿಸಿದ. ಕೂತ.

‘ಕಾಣುತ್ತೆ. ಮಧ್ಯದಲ್ಲಿ ಒಂದು ಕಲೆ ಅಷ್ಟೆ. ಸುತ್ತ ಎಲ್ಲ ಕಾಣುತ್ತೆ, ಯಾವುದನ್ನ ನೋಡ್ಬೇಕು ಅಂತೀನೋ ಅದು ಮಾತ್ರ ಕಾಣಲ್ಲ.’

‘ನನ್ನ ಮುಖ?’

‘ಕೂದಲು ಕಾಣುತ್ತೆ. ಕಿವಿಯ ಓಲೆ ಕಾಣುತ್ತೆ.’

ಅಳು ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಕನ್ನಡಕದ ಅಂಗಡಿಯವಳು ಹೋದ ಶರತ್ಕಾಲದಲ್ಲೇ ಹೇಳಿದ್ದಳಂತೆ, ಕಣ್ಣಿನ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಓಡಿಸಬೇಡಿ ಎಂದು. ಇವನು ಹೋಗಿಲ್ಲ. ಹೋದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಕೊಡುವವರು ಹತ್ತು ವರ್ಷಕ್ಕೊಮ್ಮೆ ಹೊಸ ಫೋಟೋ ಕೇಳುತ್ತಾರೆ, ಕಣ್ಣು ಕೇಳುವುದಿಲ್ಲ.

‘ಮತ್ತೆ ಆ ಲಾರಿ?’

‘ಅದರ ಬೆನ್ನು ದೊಡ್ಡದು. ಎರಡು ಕಡೆ ಕೆಂಪು ದೀಪ. ಎರಡರ ನಡುವೆ ಇಟ್ಕೊಂಡ್ರೆ ಸಾಕು. ಲಾರಿ ಎಂಬತ್ತರಲ್ಲಿ ಹೋಗುತ್ತೆ, ನಾನೂ ಎಂಬತ್ತು.’

‘ಅಂದ್ರೆ ಡೀಸೆಲ್ ಉಳಿಸೋಕಲ್ಲ.’

‘ಡೀಸೆಲ್ಲೂ ಉಳಿಯುತ್ತಲ್ಲ’ ಅಂದ. ಆ ಒಂಬತ್ತೂವರೆಯನ್ನು ಬಿಟ್ಟುಕೊಡಲು ಇನ್ನೂ ಮನಸ್ಸಿಲ್ಲ!

ಕೂಗಾಡಿದೆ. ಆಲ್ವಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಹೋಗಬೇಕೆಂದಿದ್ದೆಯಾ? ಕಳೆದ ವರ್ಷ ಆ ಒಂದು ಮೊಳ — ಅವಳು ನಿನಗೆ ಕಂಡಿದ್ದಳಾ?

ಬಹಳ ಮೆಲ್ಲಗೆ, ‘ಹೆಡ್ವಿಗ್ ಕಿರುಚಿದ್ದು ಕೇಳಿಸ್ತು’ ಅಂದ.

ನಾವೆಲ್ಲ ನಕ್ಕಿದ್ದೆವು. ದೇವರೇ, ನಕ್ಕಿದ್ದೆವು.

10.40

ನಾನು ಓಡಿಸುತ್ತಿದ್ದೇನೆ. ಈಗ ಕಾಫಿಗೆ ನಿಲ್ಲಿಸಿದೆ. ಬರೆಯುವ ಬೆರಳು ಸ್ಟೇರಿಂಗ್ ಹಿಡಿದು ಮರಗಟ್ಟಿದೆ.

ಎಂಟು ವರ್ಷದಿಂದ ಕಾರನ್ನೇ ಮುಟ್ಟಿಲ್ಲ. ಮನೆಗಾಡಿಯನ್ನಂತೂ ಒಂದೇ ಸಲ, ಹೊಸದಾಗಿ ತಂದಾಗ. ಆಗ ಪಕ್ಕದಲ್ಲಿ ಕೂತು ಅದೆಷ್ಟು ಪಾಠ ಹೇಳಿದನೆಂದರೆ, ಇಳಿದು ಬಾಗಿಲು ಬಡಿದು, ಇನ್ನು ಜನ್ಮದಲ್ಲಿ ಇದನ್ನು ಮುಟ್ಟುವುದಿಲ್ಲ ಅಂದಿದ್ದೆ. ಮಾತು ಉಳಿಸಿಕೊಂಡೆ. ಅದೇ ತಪ್ಪಾಯಿತು. ಆರಾಮಾಗಿ ಕಿಟಕಿ ಪಕ್ಕ ಕೂತು ಗಡಿಯಾರ ನೋಡುತ್ತಾ, ಓಡಿಸುವವನ ಮುಖ ಮಾತ್ರ ನೋಡಲಿಲ್ಲ.

ಮೊದಲು ಅರವತ್ತು. ಹಿಂದೆ ಸಾಲು. ಯಾರೋ ಹಾರ್ನ್ ಮಾಡಿದ.

‘ಎಂಜಿನ್ ಗೊಣಗ್ತಿದೆ’ ಅಂದ ಸಿಕ್ಸ್ಟನ್, ಕಣ್ಣು ಮುಚ್ಚಿಕೊಂಡು. ‘ಮೂರರಲ್ಲೇ ಇದೀಯ. ನಾಲ್ಕಕ್ಕೆ ಹಾಕು.’

ಹಾಕಿದೆ.

‘ಈಗ ಐದು. ಕಾಲು ಹಗುರ ಮಾಡು. ಹಾಂ, ಹಾಗೆ. ಮುಂದೆ ಏನಿದೆ?’

‘ಲಾರಿ.’

‘ಬಿಡು, ಹತ್ರ ಹೋಗ್ಬೇಡ. ಮೂರು ಸೆಕೆಂಡ್.’

ನನಗೆ ನಗು ಬಂತು, ಅವನಿಗೂ ಬಂತು. ಎಂಬತ್ತೈದು, ತೊಂಬತ್ತು. ಎದುರಿಂದ ಮನೆಗಾಡಿ ಬಂತು. ‘ಈಗ’ ಅಂದೆ. ಕೈ ಬೀಸಿದ. ಅವರೂ ಬೀಸಿದರು. ಕಣ್ಣು ಒರೆಸಿಕೊಂಡ, ನಾನು ನೋಡಲಿಲ್ಲವೆಂದುಕೊಂಡು.

15.05

ಉಮೆಯೋಗೆ ಹತ್ತು ಕಿಲೋಮೀಟರ್. ಕೊನೆಯ ಪಂಪ್. ಬೆಳಿಗ್ಗೆ ತುಂಬಿಸಿಕೊಂಡು ಹೊರಟ ಮೇಲೆ ನೂರಕ್ಕೆ ಹತ್ತು ಮುಕ್ಕಾಲು. ಪರವಾಗಿಲ್ಲ, ಹೊಸಬಳಿಗೆ ಅದು ಚೆನ್ನಾಗಿಯೇ ಇದೆ ಅಂದ.

ಆಮೇಲೆ ಕೈ ಚಾಚಿದ.

‘ಕೀಲಿ ಕೊಡು.’

‘ಯಾಕೆ?’

‘ಇಲ್ಲಿಂದ ನಾನು ತಗೋತೀನಿ. ಹತ್ತೇ ಕಿಲೋಮೀಟರ್, ದಾರಿ ಬಾಯಿಪಾಠ. ಮೂವತ್ತರಲ್ಲಿ ಹೋಗ್ತೀನಿ. ಹೆಡ್ವಿಗ್ ಮುಂದೆ... ಆ ಮಗು ಅಜ್ಜ ಬಂದ ಅಂತ ಕುಣಿಯುತ್ತೆ ಗುನ್ನೆಲ್. ಇದೊಂದು ಸಲ. ನಾಳೆಯಿಂದ ನೀನೇ.’

ನಲವತ್ನಾಲ್ಕು ವರ್ಷದಲ್ಲಿ ಈ ಮನುಷ್ಯ ನನ್ನಿಂದ ಏನನ್ನೂ ಬೇಡಿದವನಲ್ಲ. ಕೊಡಬಾರದೆಂದು ಗೊತ್ತು. ಕೊಟ್ಟೇಬಿಡುತ್ತೇನೋ ಎಂದು ಭಯವಾಗಿ ಒಳಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗೆ ನಿಂತಿದ್ದಾನೆ, ಕೈ ಇನ್ನೂ ಚಾಚಿಯೇ ಇದೆ. ಹೆದ್ದಾರಿಯಲ್ಲಿ ಏನೋ ಬಿಳಿಯದು ಹೋಯಿತು. ಕೈ ಎತ್ತಿ ಬೀಸಿದ.

ಹಾಲಿನ ಟ್ಯಾಂಕರ್.

ಇಲ್ಲ. ಕೊಡುವುದಿಲ್ಲ.

16.20

ಬಂದೆವು. ನಾನೇ ಓಡಿಸಿದೆ. ಬೆಲ್ಟ್ ತಾನೇ ಹಾಕಿಕೊಂಡ, ಮುಖ ಕಿಟಕಿಯ ಕಡೆ. ಹೆಡ್ವಿಗ್ ಮನೆಯ ಬೀದಿಗೆ ತಿರುಗುವಾಗ ಒಂದೇ ಮಾತು: ‘ಎರಡನೇ ಗೇರ್. ಕಾಲು ಬ್ರೇಕಿನ ಮೇಲೇ ಇರ್ಲಿ.’

ಇತ್ತು. ಲೈಲಾಕ್ ಪೊದೆಯ ಹಿಂದಿನಿಂದ ಹಳದಿ ಫ್ರಾಕು ಚಿಮ್ಮಿತು. ಈ ಸಲ ಯಾರೂ ಕಿರುಚಲಿಲ್ಲ, ಹೆಡ್ವಿಗ್ ಹೊರಗೂ ಇರಲಿಲ್ಲ. ಸದ್ದೇ ಇಲ್ಲದೆ ಬಂದಳು, ಬರಿಗಾಲು. ಒತ್ತಿದೆ. ಗಾಡಿ ನಿಂತಿತು. ಪಾತ್ರೆ ಬೀರುವಿನಿಂದ ತಟ್ಟೆಗಳು ಉದುರಿದವು. ಆಲ್ವಾ ಎರಡು ಮಾರು ದೂರದಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಳು.

‘ಯಾಕೆ? ಏನು?’ ಅಂದ ಸಿಕ್ಸ್ಟನ್. ನೇರ ಅವಳ ಕಡೆಗೇ ನೋಡುತ್ತಿದ್ದ. ‘ಯಾಕೆ ನಿಲ್ಲಿಸ್ದೆ?’

ಹೇಳಿದೆ. ಅವನ ಮುಖ ಸುಣ್ಣದಂತಾಯಿತು.

ಆಲ್ವಾ ಅವನ ಕಡೆಯ ಬಾಗಿಲಿಗೆ ಜೋತುಬಿದ್ದಳು. ‘ಅಜ್ಜಾ, ನೀನ್ಯಾಕೆ ಅಜ್ಜಿ ಸೀಟಲ್ಲಿ ಕೂತಿದೀಯ?’ ಅಷ್ಟರಲ್ಲಿ ಹೆಡ್ವಿಗ್ ಬಂದಳು, ಕೈ ಒರೆಸಿಕೊಳ್ಳುತ್ತಾ. ‘ಅದೇ ನಾನೂ ಕೇಳ್ಬೇಕು ಅಂತಿದ್ದೆ. ಅಮ್ಮ ಓಡಿಸೋದಾ?’

ನಾನು ಬಾಯಿ ತೆರೆದೆ. ಸಿಕ್ಸ್ಟನ್ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ, ತಡವಿ, ಹುಡುಕಿ. ಇಳಿದ. ಮಗಳ ಮುಂದೆ ನಿಂತ. ತಲೆ ಸ್ವಲ್ಪ ಓರೆ ಮಾಡಿದ, ಕಲೆಯ ಪಕ್ಕದಿಂದ ಅವಳ ಮುಖ ಸಿಗುತ್ತದೋ ಎಂದು.

‘ಒಳಗೆ ನಡಿ ಮಗಾ’ ಅಂದ. ‘ನಿಂಗೊಂದು ಹೇಳ್ಬೇಕು. ನಾನೇ ಹೇಳ್ತೀನಿ.’

ಅಡುಗೆಮನೆಯಲ್ಲಿ ಕೂತಿದ್ದಾರೆ. ನಾನು ಗಾಡಿಯಲ್ಲಿ ಒಡೆದ ತಟ್ಟೆ ಚೂರು ಗುಡಿಸಿದೆ. ಡೀಸೆಲ್ ಪುಸ್ತಕ ಮುಂದಿದೆ, ಇವತ್ತಿನದು ಬರೆಯಬೇಕು. ಆಲ್ವಾ ಪಕ್ಕದಲ್ಲಿ ಕೂತು ಅಂಕಿ ನಾನೇ ಬರೆಯುತ್ತೇನೆ ಎನ್ನುತ್ತಿದ್ದಾಳೆ. ಅಜ್ಜನಿಗೆ ಕಾಣುವಷ್ಟು ದೊಡ್ಡದಾಗಿ ಬರೆ ಎಂದು ಹೇಳಹೊರಟೆ, ಅಷ್ಟರಲ್ಲಿ ಮನೆಯೊಳಗಿಂದ ಹೆಡ್ವಿಗ್ ‘ಅಮ್ಮಾ, ನೀನೂ ಬಾ’ ಎಂದು ಕರೆದಳು. ಪೆನ್ನು ಆಲ್ವಾ ಕೈಗೆ ಕೊಟ್ಟು ಹೋಗುತ್ತೇನೆ.