ಗೆರೆ ಹೊಡೆದ ಭಾಗದ ಕ್ಷೇತ್ರಫಲ

ಇಂಡಿ
೮ ಮಾರ್ಚ್ ೧೯೬೬

ನಜಮಾಳ ಅಬ್ಬಾ ಅವರಿಗೆ ಗೌಸಬಿಯ ಸಲಾಮು,

ಆಲಮಟ್ಟಿ ಅಣೆಕಟ್ಟಿನ ಕೆಲಸದ ಧೂಳಿಗೆ ಹಿಡಿದಿದ್ದ ಕೆಮ್ಮು ಈಗ ಹೇಗಿದೆ? ಶುಂಠಿ ಕಷಾಯ ಕುಡಿಯುತ್ತೀರೋ, ಬೀಡಿಯನ್ನೇ ಸೇದುತ್ತೀರೋ ದೇವರಿಗೇ ಗೊತ್ತು. ಇಲ್ಲಿ ಕ್ಷೇಮವೆಂದು ಬರೆಯಲಾರೆ. ನಿಮ್ಮ ಮಗಳು ನನ್ನ ತಲೆ ತಿಂದಿದ್ದಾಳೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಹತ್ತಿರ ಬಂತಲ್ಲ, ಅಡುಗೆಮನೆಯ ನೆಲವೆಲ್ಲ ಅವಳ ಪಾಟಿ. ರೊಟ್ಟಿ ಹಂಚು ಬೋರಲು ಹಾಕಿ ಸುತ್ತ ಇದ್ದಿಲಿನಿಂದ ಚೌಕ ಬರೆಯುತ್ತಾಳೆ. ನಾನು ಈಗಷ್ಟೇ ಸಾರಿಸಿದ ನೆಲ! "ಕಾಲ ಇಡಬ್ಯಾಡ ಅಮ್ಮಾ, ಮೂಲಿ ಅಳಸ್ತಾವ" ಎಂದು ನನಗೇ ಗದರಿಕೆ.

ಹೋದ ವಾರ ಶಾಲೆಯ ಪರೀಕ್ಷೆಯಲ್ಲಿ ಸಂಗಣ್ಣ ಮಾಸ್ತರರು ಅಂಥದೇ ಲೆಕ್ಕ ಕೊಟ್ಟಿದ್ದರು. ಬದಿ ಹದಿನಾಲ್ಕು ಅಂಗುಲದ ಚೌಕ, ಒಳಗೆ ನಾಲ್ಕೂ ಬದಿ ಮುಟ್ಟುವ ವೃತ್ತ. ಗೆರೆ ಹೊಡೆದ ಭಾಗದ ಕ್ಷೇತ್ರಫಲ ಎಷ್ಟು? ಮಾಸ್ತರರು ಎಲ್ಲರ ಹಾಳೆಯಲ್ಲೂ ತಾವೇ ಚಿತ್ರ ಬರೆದು ಮೂಲೆಗಳಿಗೆ ಗೆರೆ ಹೊಡೆದಿದ್ದರು. ನಜಮಾಳ ಹಾಳೆಯಲ್ಲಿ ಮಾತ್ರ ಅವಸರಕ್ಕೆ ವೃತ್ತದೊಳಗೆ ಹೊಡೆದುಬಿಟ್ಟಿದ್ದರು. ಅವಳು ನೂರಾ ಐವತ್ತನಾಲ್ಕು ಎಂದು ಬರೆದಳು. ಉತ್ತರ ನಲವತ್ತೆರಡು ಎಂದು ಸೊನ್ನೆ ಬಿತ್ತು. ಸುಮ್ಮನಿರುವ ಮಗಳೇ ಇವಳು? ಎದ್ದು ನಿಂತು "ತಪ್ಪು ನಂದಲ್ರಿ, ನಿಮ್ಮದು" ಎಂದಳಂತೆ! "ನಿಮ್ಮಪ್ಪನ್ನ ಕರ್ಕೊಂಡ ಬಾ, ಅಲ್ಲೀತನಕ ಒಳಗ ಬರಬ್ಯಾಡ" ಎಂದು ಹೊರಗೆ ಹಾಕಿದರು.

ಅಪ್ಪ ಎಲ್ಲಿದ್ದಾರೆ? ನಿಮ್ಮಣ್ಣ ಖಾಜಾಸಾಬ ಅವರನ್ನು ಕೇಳಿಕೊಂಡೆ. "ಮಾಸ್ತರಗ ಎದರ ಮಾತಾಡೋ ಹುಡಿಗಿಗೆ ಸಾಲಿ ಯಾಕ ಬೇಕು? ಬಿಡಿಸಿಬಿಡು" ಎಂದು ಎದ್ದುಹೋದರು. ಕೊನೆಗೆ ಬುರ್ಖಾ ಹಾಕಿಕೊಂಡು ನಾನೇ ಹೋದೆ. ಹುಡುಗರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ನಿಮ್ಮ ಮೇಲಿನ ಸಿಟ್ಟಿನಿಂದಲೇ ಅಲ್ಲಿ ನಿಂತಿದ್ದೆ. "ಗೆರಿ ಎಲ್ಲಿ ಐತಿ ನೋಡ್ರಿ" ಎಂದು ಹಾಳೆ ಚಾಚಿದೆ. ಮಾಸ್ತರರು ಬೇರೆ ಹುಡುಗರ ಹಾಳೆ ತರಿಸಿ ಪಕ್ಕಕ್ಕಿಟ್ಟು ನೋಡಿದರು. ಆಮೇಲೆ ಮಗಳನ್ನು ಹಲಗೆಯ ಹತ್ತಿರ ಕರೆದು ಮೂಲೆಗಳದ್ದು ಕೇಳಿದರು. ನೂರಾ ತೊಂಬತ್ತಾರರಲ್ಲಿ ವೃತ್ತದ್ದು ಕಳೆದು ತಟ್ಟನೆ ನಲವತ್ತೆರಡು ಬರೆದಳು. "ತಪ್ಪು ನಂದ ಐತ್ರೋ" ಎಂದು ಮಾಸ್ತರರು ಇಡೀ ವರ್ಗಕ್ಕೆ ಹೇಳಿದರು. ನನಗೆ ಕಣ್ಣು ತುಂಬಿತು. ನಿಮ್ಮ ಮಗಳೋ, ಮಾರ್ಕು ತಿದ್ದಿರೆಂದು ಹಾಳೆ ಹಿಡಿದು ಅಲ್ಲೇ ನಿಂತಳು!

ಅಲ್ಲಾಹನು ನಿಮ್ಮ ಆರೋಗ್ಯ ಕಾಯಲಿ, ನನಗಿಷ್ಟು ತಾಳ್ಮೆ ಕೊಡಲಿ.

ನಿಮ್ಮ
ಗೌಸಬಿ

ತಾ.ಕ.: ಶುಕ್ರವಾರ ಸಿಂದಗಿಯ ಗಂಡಿನ ಕಡೆಯವರು ನಜಮಾಳನ್ನು ನೋಡಲು ಬರುತ್ತಾರೆ, ನೀವೂ ಒಪ್ಪಿದ್ದೀರಿ ಎಂದು ಕಾಗದ ಮುಗಿಸಿದ ಮೇಲೆ ನಿಮ್ಮಣ್ಣ ಬಂದು ಹೇಳಿದರು. ನನಗೊಂದು ಮಾತು ಬರೆಯಬಾರದಿತ್ತೇ? ಬರುವುದು ಬೇಡವೆಂದು ನಾನೇ ಹೇಳಿಕಳಿಸಿದ್ದೇನೆ. ಜೂನಿನಲ್ಲಿ ಹೈಸ್ಕೂಲಿಗೆ ಅವಳ ಹೆಸರು ಹಚ್ಚುತ್ತೇನೆ. ಸಿಟ್ಟು ಬಂದರೆ ಕಾಗದ ಬರೆಯಬೇಡಿ, ಮನೆಗೆ ಬನ್ನಿ.